ಹೊಸಿಲು ದಾಟಿದವರು

ಇಂಗ್ಲೆಂಡಿನ ನಡುನಾಡಿನಲ್ಲಿ, ಬರ್ಮಿಂಗ್‌ಹ್ಯಾಂ ನಗರದ ನೈಋತ್ಯಕ್ಕೆ, ಮೂರು ಮೈಲಿಯಾಚೆಯ ದಿಣ್ಣೆಯ ಮೇಲೆ ಹಾರ್ಬೋರ್ನ್ ಎಂಬ ಊರಿದೆ. ಇಂದು ಅದು ನಗರದ ಒಂದು ಬಡಾವಣೆ. 1891ರವರೆಗೆ ಸ್ಟಾಫರ್ಡ್‌ಶೈರ್ ಸೀಮೆಯ ಹಳ್ಳಿಯಾಗಿತ್ತು. ಇಳಿಜಾರಿನಲ್ಲಿ ಸಂತ ಪೀಟರನ ಚರ್ಚು, ಸುತ್ತ ಹೊಲ ತೋಟ, ಹಿತ್ತಿಲ ಕುಲುಮೆಗಳ ಮುಂದೆ ಕೂತು ಮೊಳೆ ಬಡಿಯುವ ಗಂಡಸರು, ಹೆಂಗಸರು, ಮಕ್ಕಳು. ಉತ್ತರದ ಸ್ಮೆಥ್‌ವಿಕ್ ಕೂಡ ಹಿಂದೆ ಇದೇ ಚರ್ಚಿನ ಪ್ಯಾರಿಷ್‌ಗೆ ಸೇರಿತ್ತು. ಅಲ್ಲಿಯವರಿಗೆ ಹುಟ್ಟು, ಮದುವೆ, ಸಾವು ಮೂರಕ್ಕೂ ಹಾರ್ಬೋರ್ನಿನ ಗಂಟೆಯೇ ಗತಿ.

ಅಂಗೈಯಗಲದ ಈ ನೆಲ ಇನ್ನೂರು ವರ್ಷ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಎದುರಿಸಿದೆ: ಆಳುವವರನ್ನು ಆರಿಸುವ ಹಕ್ಕು ಯಾರದು? ಮೊದಲು ಆ ಪ್ರಶ್ನೆ ಧರ್ಮದ ಹೆಸರಿನಲ್ಲಿ ಬಂತು, ಆಮೇಲೆ ಆಸ್ತಿಯ, ಹೆಣ್ಣುತನದ, ಮೈಬಣ್ಣದ ಹೆಸರಿನಲ್ಲಿ, ಕೊನೆಗೆ ನಮಗೆಲ್ಲ ಚಿರಪರಿಚಿತವಾದ ಜಾತಿಯ ಹೆಸರಿನಲ್ಲಿ. ಶುದ್ಧವಾಗಿದ್ದ ಪ್ರಜಾಪ್ರಭುತ್ವಕ್ಕೆ ಜಾತಿ ಧರ್ಮಗಳು ಹೊರಗಿನಿಂದ ನುಗ್ಗಿ ಕೆಡಿಸಿದವು ಎಂದು ಮರುಗುವವರು ನಮ್ಮಲ್ಲಿ ಬಹಳ. ಹಾರ್ಬೋರ್ನಿನ ಚರಿತ್ರೆ ಬೇರೆಯೇ ಹೇಳುತ್ತದೆ. ಅವು ಮನೆಯ ಬುನಾದಿಯಲ್ಲೇ ಇದ್ದವು. ಹೊಸಿಲಾಚೆ ನಿಂತವರು ಒಗ್ಗೂಡಿ ಬಡಿದಾಗಲೆಲ್ಲ ಬಾಗಿಲು ಒಂದಿಷ್ಟು ತೆರೆಯಿತು. ಒಳಗೆ ಬಂದವರು ತಮ್ಮ ಹಿಂದಿನವರಿಗೆ ಅದನ್ನು ಹಾಕಿಕೊಂಡದ್ದೂ ಅಷ್ಟೇ ಸಲ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜ್ಯಕ್ಕೊಂದು ಧರ್ಮವಿತ್ತು, ಅದು ಆಂಗ್ಲಿಕನ್ ಚರ್ಚು. ಅದರ ಕಟ್ಟಳೆಗೆ ಒಪ್ಪದ ಯೂನಿಟೇರಿಯನ್, ಕ್ವೇಕರ್, ಬ್ಯಾಪ್ಟಿಸ್ಟ್ ಮೊದಲಾದ ಭಿನ್ನಮತೀಯರಿಗೆ ಕಾನೂನಿನ ಕಣ್ಣಿನಲ್ಲಿ ಸರ್ಕಾರಿ ಹುದ್ದೆ ಸಲ್ಲದು, ಆಕ್ಸ್‌ಫರ್ಡಿನ ಪದವಿ ಸಲ್ಲದು. ಕ್ಯಾಥೊಲಿಕರಿಗೂ ಯೆಹೂದಿಗಳಿಗೂ ಅದಕ್ಕಿಂತ ಬಿಗಿ. ಹಾಗೆ ತಡೆಯಲ್ಪಟ್ಟವರು ವ್ಯಾಪಾರ, ಕಬ್ಬಿಣ, ವಿಜ್ಞಾನಗಳತ್ತ ತಿರುಗಿ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆ ಕಂಡರು. ಆಮ್ಲಜನಕವನ್ನು ಗುರುತಿಸಿದ ಜೋಸೆಫ್ ಪ್ರೀಸ್ಟ್ಲಿ ಅಂಥವರಲ್ಲೊಬ್ಬ. ವೃತ್ತಿಯಿಂದ ಯೂನಿಟೇರಿಯನ್ ಪಾದ್ರಿ. 1791ರ ಜುಲೈ 14ರಂದು ಫ್ರೆಂಚ್ ಕ್ರಾಂತಿಯ ನೆನಪಿಗೆ ಏರ್ಪಟ್ಟ ಭೋಜನವೇ ನೆಪವಾಗಿ, ‘ಚರ್ಚು ಮತ್ತು ದೊರೆ’ ಎಂದು ಕೂಗುತ್ತ ಜನ ಬೀದಿಗಿಳಿದರು. ನ್ಯೂ ಮೀಟಿಂಗ್, ಓಲ್ಡ್ ಮೀಟಿಂಗ್ ಎಂಬ ಎರಡು ಪ್ರಾರ್ಥನಾ ಮಂದಿರಗಳು ಹಾಳಾದವು. ಪ್ರೀಸ್ಟ್ಲಿಯ ಮನೆ, ಪ್ರಯೋಗಶಾಲೆ, ಪುಸ್ತಕಗಳು ನಾಶವಾದವು. ದಾಂಧಲೆ ನಾಲ್ಕು ದಿನ ನಡೆಯಿತು. ಪ್ರೀಸ್ಟ್ಲಿ ಮತ್ತೆ ಆ ಊರಿನಲ್ಲಿ ನೆಲೆಸಲಿಲ್ಲ.

ಓಲ್ಡ್ ಮೀಟಿಂಗನ್ನು ಅದರ ಭಕ್ತರು ಮತ್ತೆ ಕಟ್ಟಿಕೊಂಡರು. ನಲವತ್ತು ವರ್ಷಗಳ ಬಳಿಕ ಆ ಮಂದಿರದ ಪಾದ್ರಿಗೆ ಒಂದು ದೊಡ್ಡ ದಿನ ಕಾದಿತ್ತು.

ಆ ದಿನದ ನಾಯಕ ಹಾರ್ಬೋರ್ನಿನ ನಿವಾಸಿ. ಥಾಮಸ್ ಆಟ್‌ವುಡ್ ಎಂಬ ಬ್ಯಾಂಕಿನ ಯಜಮಾನ ಊರಿನ ‘ದಿ ಗ್ರೋವ್’ ಎಂಬ ಮನೆಯಲ್ಲಿ ವಾಸವಾಗಿದ್ದ. ಆಂಗ್ಲಿಕನ್ ಮನೆತನದವನು, ತನ್ನ ಹಕ್ಕಿಗೆ ಧರ್ಮದಿಂದ ಯಾವ ಕೊರತೆಯೂ ಇರಲಿಲ್ಲ. ಆದರೆ ಒಂದು ಲಕ್ಷಕ್ಕೂ ಮಿಕ್ಕಿ ಜನರಿದ್ದ ಬರ್ಮಿಂಗ್‌ಹ್ಯಾಮಿಗೆ ಆಗ ಪಾರ್ಲಿಮೆಂಟಿನಲ್ಲಿ ಒಬ್ಬನೇ ಒಬ್ಬ ಸದಸ್ಯನೂ ಇರಲಿಲ್ಲ, ಜನವೇ ಇಲ್ಲದ ಹಾಳೂರುಗಳಿಗೆ ಇಬ್ಬಿಬ್ಬರಿದ್ದರು. ಐರ್ಲೆಂಡಿನಲ್ಲಿ ಡೇನಿಯಲ್ ಓಕಾನೆಲ್ ಕ್ಯಾಥೊಲಿಕರನ್ನು ಒಗ್ಗೂಡಿಸಿ 1829ರಲ್ಲಿ ಅವರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಸಿದ್ದನ್ನು ಆಟ್‌ವುಡ್ ಗಮನಿಸಿದ್ದ. ಅದೇ ಮಾದರಿಯಲ್ಲಿ ಬರ್ಮಿಂಗ್‌ಹ್ಯಾಂ ಪೊಲಿಟಿಕಲ್ ಯೂನಿಯನ್ ಕಟ್ಟಿದ. 1830ರ ಜನವರಿಯ ಸಭೆಗೆ ಸಾವಿರಾರು ಜನ ಸೇರಿದರು. ಸಂಘದ ಆಡಳಿತ ಮಂಡಳಿಯಲ್ಲಿ ಆಂಗ್ಲಿಕನ್ನನ ಪಕ್ಕ ಭಿನ್ನಮತೀಯ ಕೂತ, ಅವರ ಪಕ್ಕ ಕ್ಯಾಥೊಲಿಕ್ ಪಾದ್ರಿ ಮೆಕ್‌ಡಾನೆಲ್ ಕೂತ. ಯಜಮಾನ, ಕೆಲಸಗಾರ ಇಬ್ಬರೂ ಸದಸ್ಯರಾದರು.

1832ರ ಮೇ ತಿಂಗಳಲ್ಲಿ ಸುಧಾರಣಾ ಮಸೂದೆಯನ್ನು ಪ್ರಭುಗಳ ಸಭೆ ತಡೆಯಿತು, ಗ್ರೇ ಪ್ರಭುವಿನ ಮಂತ್ರಿಮಂಡಲ ರಾಜೀನಾಮೆಯಿತ್ತಿತು, ವೆಲಿಂಗ್ಟನ್ ಸರ್ಕಾರ ಕಟ್ಟಲು ಹೊರಟ. ದೇಶ ದಂಗೆಯ ಅಂಚಿಗೆ ಬಂತು. ವೆಲಿಂಗ್ಟನ್ ಕೈಚೆಲ್ಲಿದ ಸುದ್ದಿ ಮೇ 16ರ ಬೆಳಿಗ್ಗೆ ಬರ್ಮಿಂಗ್‌ಹ್ಯಾಮಿಗೆ ಮುಟ್ಟಿತು. ಮುಟ್ಟಿದ್ದೇ ತಡ, ಜನ ಹಾರ್ಬೋರ್ನಿನ ದಾರಿ ಹಿಡಿದರು. ಗ್ರೋವ್ ಮನೆಯಿಂದ ಆಟ್‌ವುಡ್‌ನನ್ನು ಕರೆತಂದು ನ್ಯೂಹಾಲ್ ದಿಣ್ಣೆಯ ಮೇಲೆ ನಿಲ್ಲಿಸಿದರು. ದಿಣ್ಣೆಯ ತುಂಬ ಜನ. ಮಾತಿಗೆ ಮೊದಲು ಪ್ರಾರ್ಥನೆಯಾಗಲಿ ಎಂದಾಗ ಮುಂದೆ ಬಂದವನು ಹ್ಯೂ ಹಟ್ಟನ್, ಓಲ್ಡ್ ಮೀಟಿಂಗಿನ ಯೂನಿಟೇರಿಯನ್ ಪಾದ್ರಿ. ಯಾವ ಮಂದಿರವನ್ನು 1791ರಲ್ಲಿ ಈ ಊರಿನ ಜನ ಹಾಳುಗೆಡವಿದ್ದರೋ ಅದೇ ಮಂದಿರದ ಪಾದ್ರಿ ದೇವರಿಗೆ ಕೃತಜ್ಞತೆ ಸಲ್ಲಿಸಿದ. ಅದೇ ಊರಿನ ಜನ ಟೋಪಿ ತೆಗೆದು ಕೇಳಿದರು. ಆ ಗಳಿಗೆಯನ್ನು ಚಿತ್ರಕಾರ ಬೆಂಜಮಿನ್ ಹೇಡನ್ ಬಣ್ಣದಲ್ಲಿ ಹಿಡಿಯಲು ತೊಡಗಿದ. ಒಂದು ದೊಡ್ಡ ಕೆಲಸಕ್ಕಾಗಿ ಜೊತೆಗೂಡಿದ ಜನ ಧರ್ಮದ ದ್ವೇಷವನ್ನು ಬದಿಗಿಡಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಆ ನಗರದ ಚರಿತ್ರೆಯಲ್ಲಿ ಸಿಗುವುದಿಲ್ಲ.

ಮಸೂದೆ ಕಾಯಿದೆಯಾಯಿತು. ಬರ್ಮಿಂಗ್‌ಹ್ಯಾಮಿಗೆ ಇಬ್ಬರು ಸದಸ್ಯರು ಸಿಕ್ಕರು, ಅವರಲ್ಲಿ ಆಟ್‌ವುಡ್ ಒಬ್ಬ. ಆದರೆ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆ ಬೆಲೆಯ ಮನೆ ಹೊಂದಿದ ಅಥವಾ ಬಾಡಿಗೆಗೆ ಹಿಡಿದವನಿಗೆ ಮಾತ್ರ ಮತ ಎಂದು ಕಾಯಿದೆ ಗೆರೆ ಎಳೆದಿತ್ತು. ಇಡೀ ನಗರಕ್ಕೆ ಸುಮಾರು 4,000 ಮತದಾರರು. ನ್ಯೂಹಾಲ್ ದಿಣ್ಣೆಯಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಏನೂ ದಕ್ಕಲಿಲ್ಲ. ಇನ್ನೂ ಒಂದು ಮಾತು ಆ ಕಾಯಿದೆಯೊಳಗೆ ಸೇರಿತ್ತು: ಮತದಾರ ‘ಪುರುಷ ವ್ಯಕ್ತಿ’ಯಾಗಿರಬೇಕು. ಅಲ್ಲಿಯವರೆಗೆ ಹೆಂಗಸರನ್ನು ಹೊರಗಿಟ್ಟದ್ದು ರೂಢಿ. ಪಾರ್ಲಿಮೆಂಟಿನ ಮತದಾನದಿಂದ ಅವರನ್ನು ಬರಹದಲ್ಲಿ ಹೊರಗಿಟ್ಟ ಮೊದಲ ಶಾಸನ ಇದೇ, ‘ಮಹಾ ಸುಧಾರಣೆ’ ಎಂದು ಇಂದಿಗೂ ಕೊಂಡಾಡಲ್ಪಡುವ ಶಾಸನ.

ಹೆಂಗಸರು ಸುಮ್ಮನಿರಲಿಲ್ಲ. 1838ರಲ್ಲಿ ಬರ್ಮಿಂಗ್‌ಹ್ಯಾಮಿನ ಟೌನ್ ಹಾಲ್ ಸಾವಿರಾರು ಹೆಂಗಸರಿಂದ ಕಿಕ್ಕಿರಿಯಿತು. ಗುಂಡಿ, ಪೆನ್ನಿನ ಮುಳ್ಳು, ಮೊಳೆ ಮಾಡುವ ಕೈಗಳು ‘ಫೀಮೇಲ್ ಪೊಲಿಟಿಕಲ್ ಯೂನಿಯನ್’ ಕಟ್ಟಿದವು. ಮರುವರ್ಷ ಜೂನ್ 14ರಂದು ಆಟ್‌ವುಡ್ ಕೆಲಸಗಾರರ ಮತದ ಹಕ್ಕಿಗಾಗಿ ಚಳವಳಿ ಹೂಡಿದ್ದ ಚಾರ್ಟಿಸ್ಟರ ಬಿನ್ನವತ್ತಳೆಯನ್ನು ಪಾರ್ಲಿಮೆಂಟಿಗೆ ಒಪ್ಪಿಸಿದ. ಅದರಲ್ಲಿ ಸುಮಾರು 12.8 ಲಕ್ಷ ಸಹಿಗಳಿದ್ದವು, ಹೆಂಗಸರ ಸಹಿಗಳೂ ಇದ್ದವು. ಆದರೆ ಆ ಬಿನ್ನವತ್ತಳೆ ಕೇಳಿದ್ದು ಪ್ರಾಯಕ್ಕೆ ಬಂದ ಎಲ್ಲ ಗಂಡಸರಿಗೆ ಮತ. ಸಹಿ ಹಾಕಿದ ಹೆಂಗಸರು ತಮ್ಮ ಗಂಡಂದಿರಿಗಾಗಿ, ಅಣ್ಣತಮ್ಮಂದಿರಿಗಾಗಿ ಹಾಕಿದ್ದರು. ಪಾರ್ಲಿಮೆಂಟು ಅದನ್ನೂ 46ಕ್ಕೆ 235 ಮತಗಳಿಂದ ತಳ್ಳಿಹಾಕಿತು. ಆಟ್‌ವುಡ್ ಬೇಸತ್ತು ಅದೇ ವರ್ಷದ ಕೊನೆಗೆ ಸ್ಥಾನ ಬಿಟ್ಟ.

ಗ್ರೋವ್ ಮನೆಗೆ ಮುಂದೆ ಬಂದ ಯಜಮಾನ ವಿಲಿಯಂ ಕೆನ್ರಿಕ್, ಕಬ್ಬಿಣದ ಪಾತ್ರೆ ಸಾಮಾನಿನ ಕಾರ್ಖಾನೆಯ ಮನೆತನದವನು, ಯೂನಿಟೇರಿಯನ್. ಆತ ಹಳೆಯ ಮನೆ ಕೆಡವಿ ಹೊಸದನ್ನು ಕಟ್ಟಿಸಿದ. ಅದರ ಒಂದು ಕೋಣೆಯ ಮರಗೆಲಸ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ನಗರದ ಮೇಯರ್ ಆದ ಜೋಸೆಫ್ ಚೇಂಬರ್ಲಿನ್ ಮೊದಲು ಮದುವೆಯಾದದ್ದು ಹ್ಯಾರಿಯೆಟ್ ಕೆನ್ರಿಕ್‌ಳನ್ನು. ಆಕೆ ಬಾಣಂತಿತನದಲ್ಲಿ ತೀರಿಕೊಂಡ ಮೇಲೆ ಅದೇ ಬಳಗದ ಫ್ಲಾರೆನ್ಸ್ ಕೆನ್ರಿಕ್‌ಳನ್ನು. ಜೋಸೆಫನ ತಂಗಿ ಮೇರಿ ವಿಲಿಯಂ ಕೆನ್ರಿಕ್‌ನ ಹೆಂಡತಿ. ಚೇಂಬರ್ಲಿನ್, ಕೆನ್ರಿಕ್, ನೆಟ್ಲ್‌ಫೋಲ್ಡ್, ಮಾರ್ಟಿನೋ ಮನೆತನಗಳು ತಮ್ಮೊಳಗೇ ಕೊಟ್ಟು ತಂದು ಸಂಬಂಧ ಬೆಳೆಸಿದವು. ವ್ಯಾಪಾರದಲ್ಲಿ ಪಾಲು, ಭಾನುವಾರ ಒಂದೇ ಪ್ರಾರ್ಥನಾ ಮಂದಿರ, ನಗರಸಭೆಯಲ್ಲಿ ಒಂದೇ ಸಾಲು. ಕನ್ನಡಿಗರಿಗೆ ಇಂಥ ಬೀಗತನದ ರಾಜಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲಕ್ಕೆ ಹೊರಗಿಡಲ್ಪಟ್ಟವರು ಬದುಕಿ ಉಳಿಯಲು ಕಟ್ಟಿಕೊಂಡ ಬಳಗವೇ ಮೂರು ತಲೆಮಾರಿನಲ್ಲಿ ಆಳುವ ಬಳಗವಾಯಿತು.

ಆ ಬಳಗ ನಗರಕ್ಕೆ ಮಾಡಿದ ಉಪಕಾರ ದೊಡ್ಡದು. ನಗರವನ್ನು ಚೊಕ್ಕಟವಾಗಿ, ನ್ಯಾಯವಾಗಿ ನಡೆಸುವುದೂ ದೇವರ ಸೇವೆಯೇ ಎಂದು ಜಾರ್ಜ್ ಡಾಸನ್, ಆರ್. ಡಬ್ಲ್ಯು. ಡೇಲ್ ಮೊದಲಾದ ಪಾದ್ರಿಗಳು ಸಾರಿದರು. 1873ರಿಂದ 1876ರವರೆಗೆ ಮೇಯರ್ ಆಗಿದ್ದ ಚೇಂಬರ್ಲಿನ್ ಅನಿಲದ ಸರಬರಾಜನ್ನೂ ಕುಡಿಯುವ ನೀರನ್ನೂ ಖಾಸಗಿ ಕಂಪನಿಗಳಿಂದ ನಗರಸಭೆಯ ಕೈಗೆ ತಂದ. ಆದರೆ ಆ ಕಾಲದ ಧರ್ಮಕಾರಣವನ್ನು ಹತ್ತಿರದಿಂದ ನೋಡಲು ಶಾಲಾ ಮಂಡಳಿಯ ಚುನಾವಣೆಗೇ ಹೋಗಬೇಕು.

1870ರ ಶಿಕ್ಷಣ ಕಾಯಿದೆ ಊರೂರಿಗೆ ಚುನಾಯಿತ ಶಾಲಾ ಮಂಡಳಿ ಕೊಟ್ಟಿತು. ತೆರಿಗೆಯ ಹಣದಲ್ಲಿ ನಡೆಯುವ ಶಾಲೆಯಲ್ಲಿ ಯಾರ ಧರ್ಮ ಕಲಿಸಬೇಕು ಎಂಬುದೇ ಜಗಳ. ಬರ್ಮಿಂಗ್‌ಹ್ಯಾಮಿನ ಮಂಡಳಿಗೆ 15 ಸ್ಥಾನ, ಪ್ರತಿ ಮತದಾರನಿಗೂ 15 ಮತ. ಬೇಕಾದರೆ ಎಲ್ಲವನ್ನೂ ಒಬ್ಬನಿಗೇ ಹಾಕಬಹುದು. ತಮಗೇ ಬಹುಮತವೆಂಬ ಧೈರ್ಯದಲ್ಲಿ ಲಿಬರಲ್ ಭಿನ್ನಮತೀಯರು 15 ಜನರನ್ನೂ ನಿಲ್ಲಿಸಿ ಮತಗಳನ್ನು ಚದುರಿಸಿಕೊಂಡರು. ಆಂಗ್ಲಿಕನ್ನರು ಕಡಿಮೆ ಜನರನ್ನು ನಿಲ್ಲಿಸಿ ಎಂಟು ಸ್ಥಾನ ಗೆದ್ದರು. ಸಂಖ್ಯೆಯಲ್ಲಿ ಅಲ್ಪರಾದ ಕ್ಯಾಥೊಲಿಕರು ತಮ್ಮ ಮತಗಳನ್ನೆಲ್ಲ ಒಬ್ಬ ಪಾದ್ರಿಗೇ ಸುರಿದರು. ಆತ ಎಲ್ಲರಿಗಿಂತ ಹೆಚ್ಚು ಮತ ಪಡೆದ. ಲಿಬರಲ್ಲರಿಗೆ ದಕ್ಕಿದ್ದು ಆರು.

ಸೋತವರು ಪಾಠ ಕಲಿತರು. ವಾರ್ಡು ವಾರ್ಡಿಗೆ ಸಮಿತಿ, ಬೀದಿ ಬೀದಿಗೆ ಮತದಾರರ ಪಟ್ಟಿ, ಯಾವ ವಾರ್ಡಿನವರು ಯಾರಿಗೆ ಎಷ್ಟು ಮತ ಹಾಕಬೇಕೆಂಬ ಲೆಕ್ಕ. 1873ರಲ್ಲಿ ಎಂಟೇ ಜನರನ್ನು ನಿಲ್ಲಿಸಿ ಎಂಟನ್ನೂ ಗೆದ್ದರು. ‘ಕಾಕಸ್’ ಎಂದು ಹೆಸರಾದ ಈ ಪದ್ಧತಿ ಆಧುನಿಕ ಪಕ್ಷ ಸಂಘಟನೆಯ ಮೊದಲ ಮಾದರಿಗಳಲ್ಲೊಂದು. ಜಾತಿ ಲೆಕ್ಕಾಚಾರವೆಂದು ನಾವು ಕರೆಯುವ ವಿದ್ಯೆಯನ್ನು ಬರ್ಮಿಂಗ್‌ಹ್ಯಾಮಿನ ಧರ್ಮಭೀರು ವರ್ತಕರು ಒಂದೂವರೆ ಶತಮಾನದ ಹಿಂದೆಯೇ ಅಭ್ಯಾಸ ಮಾಡಿದ್ದರು. ಆದರೆ ಗೆದ್ದ ಆ ಎಂಟು ಜನರಲ್ಲಿ ಒಬ್ಬಳು ಹೆಂಗಸು ಎಂಬುದು ಗಮನಿಸಬೇಕಾದ್ದು: ಎಲಿಜಾ ಸ್ಟರ್ಜ್, ಕ್ವೇಕರ್ ಮನೆತನದ ಮಗಳು, ಆ ಮಂಡಳಿಗೆ ಚುನಾಯಿತಳಾದ ಮೊದಲ ಮಹಿಳೆ. ಧರ್ಮದ ಬಲ ಒಗ್ಗೂಡಿದ ಕಡೆಯೇ ಹೆಣ್ಣಿಗೆ ಒಂದು ಬಿರುಕು ಕಂಡಿತು.

ಬಿರುಕು ಬಲು ಕಿರಿದು. 1869ರ ಕಾಯಿದೆ ತೆರಿಗೆ ಕಟ್ಟುವ ಹೆಂಗಸರಿಗೆ ನಗರಸಭೆಯ ಮತ ಕೊಟ್ಟಿತ್ತು. ಮೂರು ವರ್ಷದಲ್ಲಿ ನ್ಯಾಯಾಲಯ ತೀರ್ಪಿತ್ತಿತು: ಗಂಡನಿರುವ ಹೆಣ್ಣಿಗೆ ಅದು ಸಲ್ಲದು. ಮದುವೆಯಾಗದವಳು, ವಿಧವೆ ಇವರಿಗೆ ಮಾತ್ರ ಮತ. ನಮ್ಮ ನಾಡಿನಲ್ಲಿ ಗಂಡ ಸತ್ತ ದಿನವೇ ಹೆಣ್ಣು ಶುಭಕಾರ್ಯದಿಂದ ಹೊರಬೀಳುತ್ತಿದ್ದಳು. ಅಲ್ಲಿ ಗಂಡ ಸತ್ತ ಮೇಲೆಯೇ ಆಕೆ ನಾಗರಿಕಳಾಗುತ್ತಿದ್ದಳು. ಎರಡೂ ಕಡೆ ಹೆಣ್ಣನ್ನು ಅಳೆದ ಕೋಲು ಗಂಡನೇ.

ಧರ್ಮದ ಹೆಸರಿನ ತಾರತಮ್ಯವನ್ನು ಜೀವಮಾನವಿಡೀ ವಿರೋಧಿಸಿದ ಜೋಸೆಫ್ ಚೇಂಬರ್ಲಿನ್ ಹೆಂಗಸರ ಮತದಾನವನ್ನು ಒಪ್ಪಲಿಲ್ಲ. ಮಗ ಆಸ್ಟಿನ್ ಅದರ ವಿರೋಧಿಗಳಲ್ಲಿ ಮುಂಚೂಣಿಯವನಾದ. 1909ರ ಸೆಪ್ಟೆಂಬರ್ 17ರಂದು ಪ್ರಧಾನಿ ಆಸ್ಕ್ವಿತ್ ಬರ್ಮಿಂಗ್‌ಹ್ಯಾಮಿನ ಬಿಂಗ್ಲಿ ಹಾಲ್‌ನಲ್ಲಿ ಭಾಷಣಕ್ಕೆ ಬಂದಾಗ ಹೆಂಗಸರಿಗೆ ಪ್ರವೇಶ ನಿಷೇಧಿಸಿ ಬೀದಿಗಳಿಗೆ ಅಡ್ಡಗಟ್ಟೆ ಹಾಕಲಾಯಿತು. ಮೇರಿ ಲೀ, ಷಾರ್ಲೆಟ್ ಮಾರ್ಷ್ ಎಂಬಿಬ್ಬರು ಪಕ್ಕದ ಮಾಡು ಹತ್ತಿ, ಕೊಡಲಿಯಿಂದ ಕಲ್ಲುಹಂಚು ಕಿತ್ತು ಕೆಳಗೆಸೆದರು. ಅಗ್ನಿಶಾಮಕದವರು ಕೊಳವೆ ಹಿಡಿದು ನೀರು ಹೊಡೆದರು. ಒದ್ದೆಬಟ್ಟೆಯಲ್ಲಿ, ಜಾರುವ ಮಾಡಿನ ಮೇಲೆ ಅವರು ನಿಂತೇ ಇದ್ದರು. ವಿನ್ಸನ್ ಗ್ರೀನ್ ಸೆರೆಮನೆಯಲ್ಲಿ ಉಪವಾಸ ಹೂಡಿದಾಗ ಕೈಕಾಲು ಅದುಮಿ, ನಳಿಕೆ ತೂರಿಸಿ ಹೊಟ್ಟೆಗೆ ಆಹಾರ ಹೊಯ್ಯಲಾಯಿತು. ಬ್ರಿಟನ್ನಿನಲ್ಲಿ ಮತದ ಹಕ್ಕಿಗಾಗಿ ಹೋರಾಡಿದ ಹೆಂಗಸರ ಮೇಲೆ ಇಂಥ ಬಲವಂತ ಮೊದಲು ನಡೆದದ್ದು ಆ ಸೆರೆಮನೆಯಲ್ಲಿ.

ಎರಡು ವರ್ಷದ ಬಳಿಕ, 1911ರಲ್ಲಿ, ಎಲೆನ್ ಪಿನ್ಸೆಂಟ್ ಎಜ್‌ಬಾಸ್ಟನ್ ವಾರ್ಡಿನಿಂದ ಗೆದ್ದು ಬರ್ಮಿಂಗ್‌ಹ್ಯಾಂ ನಗರಸಭೆಯ ಮೊದಲ ಮಹಿಳಾ ಸದಸ್ಯೆಯಾದಳು. ಹಾರ್ಬೋರ್ನಿನ ಲಾರ್ಡ್ಸ್‌ವುಡ್ ರಸ್ತೆಯ ಮನೆಯವಳು. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಾಗಲೆಂದು ಶ್ರಮಿಸಿದವಳು. ಆದರೆ ಅಂಥವರನ್ನು ಸಮಾಜದಿಂದ ಬೇರ್ಪಡಿಸಿ, ಸಂತಾನವಾಗದಂತೆ ಸಂಸ್ಥೆಗಳಲ್ಲಿ ಇರಿಸಬೇಕೆಂಬ ವಾದವನ್ನೂ ಅವಳೇ ಮುಂದಿಟ್ಟಳು; 1913ರ ಕಾಯಿದೆಯ ಹಿಂದೆ ಆ ವಾದದ ಬಲವಿತ್ತು. ಅದರ ಪ್ರಕಾರ ಎಷ್ಟೋ ಬಡ ಹೆಣ್ಣುಮಕ್ಕಳು ವರ್ಷಾನುಗಟ್ಟಲೆ ಗೋಡೆಯೊಳಗೆ ಉಳಿದರು. ಹೊಸಿಲು ದಾಟಿದವಳ ಕೈಯಿಂದಲೇ ಇನ್ನೊಂದು ಬಾಗಿಲಿಗೆ ಅಗುಳಿ ಬಿದ್ದದ್ದನ್ನು ನೋವಿನಿಂದಲೇ ಬರೆಯಬೇಕು.

1918ರಲ್ಲಿ ಮೂವತ್ತು ದಾಟಿದ, ನಿಗದಿತ ಆಸ್ತಿಯ ಅರ್ಹತೆಯುಳ್ಳ ಹೆಂಗಸರಿಗೆ, 1928ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲ ಹೆಂಗಸರಿಗೆ ಮತ ಬಂತು. ಹಾರ್ಬೋರ್ನ್ ಸೇರಿರುವ ಎಜ್‌ಬಾಸ್ಟನ್ ಪಾರ್ಲಿಮೆಂಟ್ ಕ್ಷೇತ್ರವನ್ನು 1929ರಿಂದ ಜೋಸೆಫನ ಇನ್ನೊಬ್ಬ ಮಗ ನೆವಿಲ್ ಚೇಂಬರ್ಲಿನ್ ಸಾಯುವವರೆಗೆ ಪ್ರತಿನಿಧಿಸಿದ. 1953ರ ಉಪಚುನಾವಣೆಯಲ್ಲಿ ಎಡಿತ್ ಪಿಟ್ ಗೆದ್ದಳು. ಅಂದಿನಿಂದ ಇಂದಿನವರೆಗೆ ಆ ಕ್ಷೇತ್ರ ಒಬ್ಬ ಗಂಡಸನ್ನೂ ಪಾರ್ಲಿಮೆಂಟಿಗೆ ಕಳಿಸಿಲ್ಲ: ಪಿಟ್, 1966ರಿಂದ ಜಿಲ್ ನೈಟ್, 1997ರಿಂದ ಜರ್ಮನಿಯಲ್ಲಿ ಹುಟ್ಟಿದ ಗಿಸೆಲಾ ಸ್ಟುವರ್ಟ್, 2017ರಿಂದ ಪ್ರೀತ್ ಕೌರ್ ಗಿಲ್. ಇದರಲ್ಲೂ ಒಂದು ಎಚ್ಚರವಿದೆ. ಶಾಲೆಗಳಲ್ಲಿ ಸಲಿಂಗಿಗಳ ಬದುಕಿನ ಮಾತನ್ನೇ ಅದುಮಿದ 1988ರ ಸ್ಥಳೀಯ ಆಡಳಿತ ಕಾಯಿದೆಯ 28ನೆಯ ಕಲಮಿನ ಹಿಂದೆ ನಿಂತ ಮುಖ್ಯರಲ್ಲಿ ಜಿಲ್ ನೈಟ್ ಒಬ್ಬಳು. ಹೆಣ್ಣು ಗೆದ್ದ ಮಾತ್ರಕ್ಕೆ ಹೊರಗಿನವರೆಲ್ಲ ಒಳಗಾಗುವುದಿಲ್ಲ.

ಹಾರ್ಬೋರ್ನಿನ ಹಳೆಯ ಪ್ಯಾರಿಷಿನ ಇನ್ನೊಂದು ತುದಿ, ಸ್ಮೆಥ್‌ವಿಕ್, ಅಷ್ಟು ಹೊತ್ತಿಗೆ ಎರಕದ ಕಾರ್ಖಾನೆಗಳ ಊರಾಗಿತ್ತು. ಕುಲುಮೆಯ ಕಾವಿಗೆ ಒಡ್ಡಿಕೊಳ್ಳಲು ಪಂಜಾಬಿನಿಂದ ಜನ ಬಂದರು. 1964ರ ಮಹಾಚುನಾವಣೆಯಲ್ಲಿ ಮೈಬಣ್ಣದ ದ್ವೇಷವನ್ನೇ ಬಂಡವಾಳ ಮಾಡಿಕೊಂಡ ಪ್ರಚಾರದ ಬಲದಿಂದ ಪೀಟರ್ ಗ್ರಿಫಿತ್ಸ್ 1,774 ಮತಗಳ ಅಂತರದಲ್ಲಿ ಗೆದ್ದ. ಮಾರ್ಷಲ್ ಬೀದಿಯ ಖಾಲಿ ಮನೆಗಳನ್ನು ಪುರಸಭೆಯೇ ಕೊಂಡು ಬಿಳಿಯರಿಗೆ ಮಾತ್ರ ಕೊಡಬೇಕೆಂಬ ಕೂಗೆದ್ದಿತು. ಅವತಾರ್ ಸಿಂಗ್ ಜೌಹಲ್ ಮತ್ತು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಪ್ರತಿಭಟನೆ ಹೂಡಿದರು. 1965ರ ಫೆಬ್ರುವರಿ 12ರಂದು ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಆ ಬೀದಿಯಲ್ಲಿ ನಡೆದ; ಒಂಬತ್ತು ದಿನಕ್ಕೆ ನ್ಯೂಯಾರ್ಕಿನಲ್ಲಿ ಕೊಲೆಯಾದ. ಜನಾಂಗ ತಾರತಮ್ಯದ ವಿರುದ್ಧ ಬ್ರಿಟನ್ನಿನ ಮೊದಲ ಕಾಯಿದೆ ಅದೇ ವರ್ಷ ಬಂತು. ಮರುವರ್ಷ ಗ್ರಿಫಿತ್ಸ್ ಸೋತ. ಅದೇ ಸ್ಮೆಥ್‌ವಿಕ್ಕಿನ ಗುರುನಾನಕ್ ಗುರುದ್ವಾರದ ಅಧ್ಯಕ್ಷರಾಗಿದ್ದ ದುಡಿಮೆಗಾರನ ಮಗಳೇ ಪ್ರೀತ್ ಕೌರ್ ಗಿಲ್, ಬ್ರಿಟನ್ ಪಾರ್ಲಿಮೆಂಟಿನ ಮೊದಲ ಸಿಖ್ ಮಹಿಳೆ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಆದರೆ ಬಿಳಿಯರ ಎದುರು ಒಂದಾಗಿದ್ದವರ ನಡುವೆ ಊರಿನಿಂದ ತಂದ ಜಾತಿಯ ಗೆರೆಗಳೂ ಇದ್ದವು. ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ದುಡಿದವರು ಮದುವೆಯಲ್ಲಿ, ಪೂಜೆಯಲ್ಲಿ, ಮುಖಂಡತನದಲ್ಲಿ ಬೇರೆಯಾದರು. ಪಂಜಾಬಿನ ದಲಿತ ಸಮುದಾಯಗಳಾದ ರವಿದಾಸಿಗಳು, ವಾಲ್ಮೀಕಿಗಳು ನಡುನಾಡಿನ ಊರುಗಳಲ್ಲಿ ತಮ್ಮವೇ ಸಭೆ, ತಮ್ಮವೇ ಮಂದಿರ ಕಟ್ಟಿಕೊಂಡರು. ಅಂಬೇಡ್ಕರರ ಹೆಸರಿನ ಸಂಘಗಳು ಹುಟ್ಟಿದವು. ಆ ಸಂಘಗಳ ಒತ್ತಾಯದಿಂದ 2010ರ ಸಮಾನತಾ ಕಾಯಿದೆಯಲ್ಲಿ ಜಾತಿಯನ್ನು ಸೇರಿಸುವ ಅಧಿಕಾರ ಸರ್ಕಾರಕ್ಕೆ ಬಂತು; 2013ರಲ್ಲಿ ಪಾರ್ಲಿಮೆಂಟು ಅದನ್ನು ಕರ್ತವ್ಯವನ್ನಾಗಿಸಿತು. ಹಲವು ಹಿಂದೂ ಸಂಘಟನೆಗಳು, ತಮ್ಮ ಸಮುದಾಯಕ್ಕೆ ಕಳಂಕ ತಟ್ಟುತ್ತದೆಂದು, ಪ್ರಬಲವಾಗಿ ವಿರೋಧಿಸಿದವು. ಎರಡೂ ಕಡೆಯವರು ಮತಗಳ ಲೆಕ್ಕವನ್ನು ಪಕ್ಷಗಳ ಮುಂದಿಟ್ಟರು. 2018ರ ಜುಲೈ 23ರಂದು, ನ್ಯಾಯಾಲಯದ ತೀರ್ಪುಗಳೇ ಸಾಕೆಂದು, ಸರ್ಕಾರ ಆ ಕಲಮನ್ನು ಕೈಬಿಡುವುದಾಗಿ ಪ್ರಕಟಿಸಿತು.

ಸಾಕೆಂದು ತೋರಿಸಿದ ತೀರ್ಪು ಒಬ್ಬ ಆದಿವಾಸಿ ಹೆಣ್ಣುಮಗಳ ಮೊಕದ್ದಮೆಯದು. ಭಾರತದಿಂದ ಮನೆಗೆಲಸಕ್ಕೆ ಕರೆತಂದ ಆಕೆಯನ್ನು ಭಾರತೀಯ ಮನೆಯವರೇ ನಾಲ್ಕೂವರೆ ವರ್ಷ, ವಾರದ ಏಳು ದಿನವೂ, ದಿನಕ್ಕೆ 18 ತಾಸಿನಂತೆ ದುಡಿಸಿದ್ದರು. ಮಲಗಲು ನೆಲದ ಮೇಲೊಂದು ಸ್ಪಂಜಿನ ಹಾಸಿಗೆ. 2015ರಲ್ಲಿ ಕಾರ್ಮಿಕ ನ್ಯಾಯಮಂಡಳಿ ಆಕೆಗೆ 1,83,000 ಪೌಂಡಿಗೂ ಮೀರಿದ ಬಾಕಿ ಕೂಲಿ ಕೊಡಿಸಿತು. ಹೆಣ್ಣು, ಬಡವಿ, ಕ್ರೈಸ್ತಳು, ಆದಿವಾಸಿ: ಇನ್ನೂರು ವರ್ಷ ಒಂದೊಂದಾಗಿ ಎದ್ದ ಪ್ರಶ್ನೆಗಳೆಲ್ಲ ಆ ಒಬ್ಬಳ ಮೈಮೇಲೆ ಒಟ್ಟಿಗೇ ಬಿದ್ದಿದ್ದವು. ಇಂಥವಳಿಗೆ ಕಾಯಿದೆಯ ಅಕ್ಷರದಲ್ಲಿ ಒಂದು ಪದ ಸಿಗಬೇಕಾದ್ದು ನ್ಯಾಯ. ಅದನ್ನು ಕೊಡದಿದ್ದುದು ಅನ್ಯಾಯ.

ನಮ್ಮ ನಾಡೂ ಇದೇ ದಾರಿಯಲ್ಲಿ ನಡೆದು ಬಂದಿದೆ. 1881ರಲ್ಲಿ ರಂಗಾಚಾರ್ಲು ಮೈಸೂರಿಗೆ ಪ್ರಜಾಪ್ರತಿನಿಧಿ ಸಭೆ ತಂದಾಗ ಅದರೊಳಗೆ ಕೂತವರು ಉಳ್ಳವರು, ಓದಿದವರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದ ಬ್ರಾಹ್ಮಣೇತರರು ಜಾತಿಯ ಹೆಸರಿನಲ್ಲೇ ಪಾಲು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಬರ್ಮಿಂಗ್‌ಹ್ಯಾಮಿನ ಭಿನ್ನಮತೀಯರಂತೆ ಬ್ರಾಹ್ಮಣೇತರರೂ ತಮ್ಮನ್ನು ಯಾವ ಹೆಸರಿನಿಂದ ಹೊರಗಿಟ್ಟಿದ್ದರೋ ಅದೇ ಹೆಸರಿನಿಂದ ಒಗ್ಗೂಡಿದರು. ಗೆದ್ದ ಮೇಲೆ ಅವರಲ್ಲೂ ಬಲಿಷ್ಠ ಜಾತಿಗಳು ಮುಂದೆ ನಿಂತವು, ಸಣ್ಣ ಜಾತಿಗಳು ಹಿಂದುಳಿದವು. 1975ರ ಹಾವನೂರು ವರದಿ ಆ ಹಿಂದುಳಿದವರ ಕಡೆ ಬೆರಳು ತೋರಿಸಿತು. 1987ರಲ್ಲಿ ಕರ್ನಾಟಕದ ಪಂಚಾಯತಿಗಳಿಗೆ ಕಾಲುಭಾಗ ಮೀಸಲಿನಲ್ಲಿ ಹೆಂಗಸರು ಆರಿಸಿ ಬಂದರು. ದೇಶದ ಸಂವಿಧಾನ ತಿದ್ದುಪಡಿಯಾಗುವ ಮೊದಲೇ ನಮ್ಮ ನಾಡು ಅದನ್ನು ಮಾಡಿ ತೋರಿಸಿತು.

ಆದರೂ 2023ರಲ್ಲಿ 224 ಸದಸ್ಯರ ನಮ್ಮ ವಿಧಾನಸಭೆಗೆ ಗೆದ್ದ ಹೆಂಗಸರು ಹತ್ತೇ ಜನ. ಅದೇ ವರ್ಷ ಸಂಸತ್ತು ಮೂರರಲ್ಲೊಂದು ಸ್ಥಾನವನ್ನು ಹೆಂಗಸರಿಗೆ ಮೀಸಲಿಟ್ಟು ಸಂವಿಧಾನ ತಿದ್ದಿತು. ಪರಿಶಿಷ್ಟ ಜಾತಿ, ಪಂಗಡದ ಹೆಂಗಸರಿಗೆ ಅದರೊಳಗೆ ಪಾಲಿದೆ. ಹಿಂದುಳಿದ ವರ್ಗದ ಹೆಂಗಸರಿಗೆ ಇಲ್ಲ. 1832ರಲ್ಲಿ ‘ಪುರುಷ’ ಎಂಬ ಒಂದು ಪದ ಸೇರಿದ್ದರಿಂದ ಏನಾಯಿತು, 2018ರಲ್ಲಿ ‘ಜಾತಿ’ ಎಂಬ ಒಂದು ಪದ ಸೇರದಿದ್ದುದರಿಂದ ಏನಾಯಿತು ಎಂಬುದನ್ನು ಬಲ್ಲವರು ಈ ಪಾಲನ್ನು ಸಣ್ಣ ವಿಚಾರವೆಂದು ತಳ್ಳಿಹಾಕಲಾರರು. ಹಾರ್ಬೋರ್ನಿನಿಂದ ಹಾವೇರಿಯವರೆಗೆ ಪ್ರಜಾಪ್ರಭುತ್ವಕ್ಕೆ ಇರುವ ಪರೀಕ್ಷೆ ಒಂದೇ. ಇಂದು ಗೆದ್ದು ಒಳಗೆ ಕೂತವರು ನಾಳೆ ಬರೆಯುವ ಕಾಯಿದೆಯಲ್ಲಿ ತಮ್ಮ ನಂತರದವರಿಗೆ ಜಾಗ ಬಿಡಬೇಕು. ಬಿಡದಿದ್ದರೆ ಕೇಳಿ ಪಡೆಯುವ ಹೊಣೆ ಮತ ಹಾಕಿದ ನಮ್ಮದು.